ಪದಚರ್ಚೆ: ‘ಸಿನಾರಿಯೊ’ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಪ್ರಶ್ನೆ, ಹುಬ್ಬಳ್ಳಿಯಿಂದ:
ಬಸ್ ಪಾಸಿನ ಆ್ಯಪ್ ಒಂದರ ಪ್ರೊಟೊಟೈಪನ್ನು, ಅಂದರೆ ಪೂರ್ತಿಯಾಗುವ ಮೊದಲಿನ ರೂಪವನ್ನು, ಜನರ ಕೈಗೆ ಕೊಟ್ಟು ನೋಡುವವರಿದ್ದೇವೆ. ಒಬ್ಬೊಬ್ಬರಿಗೂ ಒಂದು ಚೀಟಿ. ಅದರಲ್ಲಿ ‘ನಿಮ್ಮ ಪಾಸಿನ ಅವಧಿ ನಾಳೆಗೆ ಮುಗಿಯುತ್ತದೆ, ನವೀಕರಿಸಿ’ ಎಂಬಂಥ ಸಿನಾರಿಯೊ, ಅಂದರೆ ಅವರು ಕಲ್ಪಿಸಿಕೊಳ್ಳಬೇಕಾದ ಸಂದರ್ಭ. ಚೀಟಿಯ ತಲೆಬರಹಕ್ಕೆ ಕನ್ನಡ ಪದ ಬೇಕು. ಬಾಗಿಲಿಗೆ ‘ಬಳಕೆದಾರರ ಪರೀಕ್ಷೆ’ ಎಂದು ಹಚ್ಚಬಹುದೇ? ನಾಳೆ ಮುಂಜಾನೆ ಅಚ್ಚಿಗೆ ಕೊಡಬೇಕು.

ಗದಗದಿಂದ:
‘ಬಳಕೆದಾರ’ ಬಿಡಿ. ‘-ದಾರ’ ಪಾರಸಿ ಪ್ರತ್ಯಯ. ‘ಬಳಸುಗ’ ಎನ್ನಿ. ಸಿನಾರಿಯೊಗೆ ‘ಬಳಕೆಗತೆ’. ‘ಸನ್ನಿವೇಶ’ ಬೇಡವೇ ಬೇಡ.

ಧಾರವಾಡದಿಂದ:
‘ಸನ್ನಿವೇಶ’ ಬೇಡ ಎಂಬಲ್ಲಿಗೆ ಮಾತ್ರ ಒಪ್ಪಿಗೆ. ಅದು ನಾಟಕ, ಸಿನಿಮಾದವರ ಮಾತು. ‘-ದಾರ’ದ ತಕರಾರು ನಿಲ್ಲುವುದಿಲ್ಲ. ಗುತ್ತಿಗೆದಾರ, ಬಾಡಿಗೆದಾರ, ಪಾಲುದಾರ, ಇವರನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ?

ನನ್ನ ಪದ ‘ಪ್ರಸಂಗ’. ‘ಅಂಥಾ ಪ್ರಸಂಗ ಬಂದ್ರ ಏನ್ ಮಾಡ್ತೀರಿ?’ ಎಂದು ನಮ್ಮ ಕಡೆ ಓದುಬರಹ ಬಾರದವರೂ ಕೇಳುತ್ತಾರೆ. ಚೀಟಿ ಕೇಳುವುದೂ ಅದನ್ನೇ. ಧಾತು ನೋಡಿ: ‘ಸಂಜ್’, ಅಂದರೆ ಅಂಟಿಕೊಳ್ಳು. ಪ್ರಸಂಗ ಮನುಷ್ಯನಿಗೆ ಬಂದು ಅಂಟಿಕೊಳ್ಳುವಂಥದ್ದು. ‘ಸನ್ನಿವೇಶ’ದ ‘ವಿಶ್’ನಲ್ಲಿ ಆ ಬಿಸಿ ಇಲ್ಲ, ಅಲ್ಲಿರುವುದು ಜೋಡಣೆ.

ತಲೆಬರಹಕ್ಕಿಂತ ದೊಡ್ಡ ತಪ್ಪು ಚೀಟಿಯ ಒಳಗಿದೆ. ಆ್ಯಪಿನ ಗುಂಡಿಯ ಮೇಲೆ ‘ನವೀಕರಿಸಿ’ ಎಂದಿದ್ದು ಚೀಟಿಯೂ ‘ನವೀಕರಿಸಿ’ ಎಂದರೆ, ಜನ ಅಕ್ಷರಕ್ಕೆ ಅಕ್ಷರ ಹೊಂದಿಸಿ ಗುಂಡಿ ಒತ್ತಿಬಿಡುತ್ತಾರೆ. ಆ ಪದ ಅವರಿಗೆ ತಿಳಿಯಿತೋ ಇಲ್ಲವೋ ನಿಮಗೆ ಗೊತ್ತಾಗುವುದೇ ಇಲ್ಲ. ‘ನಾಳೆಗೆ ಪಾಸ್ ಮುಗೀತದ, ನಾಡಿದ್ದು ಕಾಲೇಜಿಗೆ ಹೋಗಬೇಕು’ ಎಂದಷ್ಟೇ ಬರೆದು ಸುಮ್ಮನಿರಿ. ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಕೆಲಸ ಮಾಡಿಸುವ ಪದ್ಧತಿಯನ್ನು 1982ರಲ್ಲೇ ಐಬಿಎಂನ ಕ್ಲೇಟನ್ ಲೂಯಿಸ್ ವಿವರಿಸಿದ್ದಾರೆ. ಹಾಗೆ ಮಾಡಿಸಿದರೆ ‘ಎಲ್ಲೈತಿ ಪಾಸ್ ಮುಂದುವರಿಸೋದು?’ ಎಂಬ ಮಾತು ತಾನಾಗಿ ಬಂದೀತು. ಗುಂಡಿಗೆ ಬೇಕಾದ ಪದ ಆಗ ನಿಮ್ಮ ಕೈಯಲ್ಲೇ ಇರುತ್ತದೆ. ಆದರೆ ಚೀಟಿಯಲ್ಲಿ ‘ಬಳಸುಗ’ ಕಂಡರೆ ಅವರು ಆ್ಯಪ್ ಬಿಟ್ಟು ಆ ಪದದ ಅರ್ಥ ಕೇಳುತ್ತಾರೆ.

ಬಾಗಿಲಿಗೆ ‘ಪರೀಕ್ಷೆ’ ಖಂಡಿತ ಬೇಡ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ ತುಂಬಿದ್ದಾರೆ. ಆ ಪದ ಕಂಡರೆ ತಮ್ಮನ್ನೇ ಅಳೆಯುತ್ತಾರೆಂದು ಬಿಗಿಯಾಗುತ್ತಾರೆ. ಇಲ್ಲಿ ತಪ್ಪುವುದಾದರೆ ಆ್ಯಪ್ ತಪ್ಪಬೇಕು, ಅವರಲ್ಲ.

ಗದಗದಿಂದ:
‘ಪ್ರಸಂಗ’ವೂ ಸಂಸ್ಕೃತವೇ. ಹುಬ್ಬಳ್ಳಿ-ಧಾರವಾಡ ನಡುವಿನ ನಿಮ್ಮ ಬಸ್ಸಿಗೆ ‘ಚಿಗರಿ’, ಅಂದರೆ ಜಿಂಕೆ, ಎಂದು ಹೆಸರಿಟ್ಟರಲ್ಲ, ಆಗ ‘ಹರಿಣ’ ಬೇಕಾಗಲಿಲ್ಲ. ಎರವಲು ಬೇಡುವುದು ನಿಮ್ಮ ಚಟ.

ಧಾರವಾಡದಿಂದ:
ಚಿಗರಿ ಜನರ ಬಾಯಲ್ಲಿ ಮೊದಲೇ ಇತ್ತು, ಅದಕ್ಕೇ ನಿಂತಿತು. ಪ್ರಸಂಗವೂ ಇದೆ. ‘ಬಳಕೆಗತೆ’ ಯಾರ ಬಾಯಲ್ಲಿದೆ? ಹುಟ್ಟಿದ ಊರು ಕೇಳಿ ಪದವನ್ನು ಹೊರಗೆ ಹಾಕುವವರ ಜೊತೆ ನನಗೆ ವಾದವಿಲ್ಲ.

ಹುಬ್ಬಳ್ಳಿಯವರೇ, ಚೀಟಿಗೆ ‘ಪ್ರಸಂಗ 1’, ‘ಪ್ರಸಂಗ 2’ ಎಂದು ಅಚ್ಚು ಹಾಕಿಸಿ. ಪ್ರೊಟೊಟೈಪಿಗೆ ‘ನಮೂನೆ’ ಬೇಡ, ಕಚೇರಿಯ ಅರ್ಜಿ ಎಂದುಕೊಳ್ಳುತ್ತಾರೆ. ‘ಕಚ್ಚಾ ಮಾದರಿ’ ಸಾಕು. ಬಾಗಿಲಿಗೆ: ‘ಆ್ಯಪ್ ಬಳಸಿ ನೋಡಿ, ಅನಿಸಿಕೆ ಹೇಳಿ’.