ಪದಚರ್ಚೆ: ಮೀನಿನ ತೊಟ್ಟಿಯಿಂದ ಗೋಡೆಗೆ ಹತ್ತುವ ಉಪ್ಪಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ನನ್ನ ತಂಗಿಯ ಮಗ ಕಲಬುರಗಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳಲ್ಲಿ ಜಾಸ್ತಿ ಜನ ಗೋಲ್ಡ್‌ಫಿಶ್ ಒಯ್ಯುವವರೇ. ಸಮುದ್ರದ ಮೀನು ಸಾಕುವವರು ಬೆರಳೆಣಿಕೆಯಷ್ಟು. ಅವನ ಮಾತಿಗೆ ಮರುಳಾಗಿ ಅವರಲ್ಲಿ ನಾನೂ ಒಬ್ಬನಾದೆ. ಈಗ ಇಂಥ ಗಿರಾಕಿಗಳಿಗೆ ಕೊಡಲು ಒಂದು ಪುಟದ ಚೀಟಿ ಬರೆದುಕೊಡು ಮಾಮಾ ಅಂತ ಗಂಟು ಬಿದ್ದಿದ್ದಾನೆ. ತೊಟ್ಟಿಯ ಹಿಂದಿನ ಗೋಡೆಯ ಬಣ್ಣ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ನಾನು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ.

ವಸ್ತು ಏನು ಅಂತ ಹೇಳಿಬಿಡುತ್ತೇನೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ತೊಟ್ಟಿಯಲ್ಲೂ ಅದೇ ಹದ. ಗಾಳಿಗುಳ್ಳೆ ಮೇಲೆ ಬಂದು ಒಡೆದಾಗ ಸಣ್ಣ ಸಣ್ಣ ಹನಿ ಸಿಡಿಯುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಳಿದ ಹರಳುಗಳ ಸಂದಿಯಲ್ಲಿ ಮತ್ತೆ ನೀರು ಏರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ಅದೂ ಆರುತ್ತದೆ. ಹೀಗೆ ಗಾಜಿನ ಅಂಚು ದಾಟಿ, ಪಂಪಿನ ವೈರ್ ಹಿಡಿದುಕೊಂಡು ಉಪ್ಪು ಗೋಡೆವರೆಗೂ ಹೋಗುತ್ತದೆ. ನಮ್ಮ ಮನೆಯಲ್ಲಿ ಸ್ವಿಚ್ ಬೋರ್ಡಿನ ಕೆಳಗೆ ಅಂಗೈ ಅಗಲದ ಬಿಳಿ ಮಚ್ಚೆ ಕೂತಿತ್ತು. ಉಗುರಿನಿಂದ ಕೆರೆದರೆ ರವೆಯ ಹಾಗೆ ಉದುರುತ್ತಿತ್ತು. ನಾಲಿಗೆಗೆ ಮುಟ್ಟಿಸಿದೆ. ಉಪ್ಪೇ, ಆದರೆ ಹಿಂದೆಯೇ ಒಂದು ಕಹಿ.

ಇಂಗ್ಲಿಷಿನವರು ಇದಕ್ಕೆ ಸಾಲ್ಟ್ ಕ್ರೀಪ್ ಅಂತಾರೆ. ನಾನು ‘ಉಪ್ಪಿನ ತೆವಳುವಿಕೆ’ ಅಂತ ಬರೆದೆ. ಅಳಿಯ ಓದಿ, “ಏನ್ ಮಾಮಾ, ಅಂಗಡ್ಯಾಗ ಹಾವು ಬಂತೇನು?” ಅಂದ. ಹೊಡೆದುಹಾಕಿದೆ.

ನಮ್ಮ ಕಡೆ ಗೋಡೆಯ ಮೇಲೆ ಬಿಳಿ ಪುಡಿ ಎದ್ದರೆ ಸಿದ್ಧ ಪದ ಒಂದಿದೆ, ಲೋಣಾ. ಗೌಂಡಿಗಳು, ಬಣ್ಣದವರು ಎಲ್ಲರ ಬಾಯಲ್ಲೂ ಅದೇ. ಮರಾಠಿಯಲ್ಲಿ ಲೋಣಾ, ಹಿಂದಿಯಲ್ಲಿ ಲೋನಾ, ನೋನಾ. ಮೂಲ ಲವಣವೇ. (ಮರಾಠಿಯ ಲೋಣಿ ಬೇರೆ, ಅದು ಬೆಣ್ಣೆ. ಒಮ್ಮೆ ನಾನೇ ಇದರಲ್ಲಿ ಎಡವಿದ್ದೇನೆ.) ಹಾಗಾದರೆ ಲೋಣಾ ಅಂತಲೇ ಬರೆದರಾಯಿತಲ್ಲ ಅಂತೀರಿ. ಆ ಪದವೇ ನನಗೆ ಖರ್ಚು ಮಾಡಿಸಿದ್ದು.

ಮಚ್ಚೆ ತೋರಿಸಲು ಬಣ್ಣದವರೊಬ್ಬರನ್ನು ಕರೆಸಿದ್ದೆ. ನೋಡಿದವರೇ, “ಗ್ವಾಡಿಗಿ ಲೋಣಾ ಹತ್ಯಾದ್ರಿ. ನೆಲದಾಗಿಂದ ಥಂಡಿ ಏರ್ಲತ್ತದ” ಅಂದರು. ಲೋಣಾ ಅಂದರೆ ಗೋಡೆಯ ಒಳಗಿಂದ ಬರುವ ಉಪ್ಪು. ಇಟ್ಟಿಗೆ, ಗಾರೆಯಲ್ಲಿರುವ ಉಪ್ಪು ತೇವದ ಜೊತೆ ಹೊರಗೆ ಬಂದು ಹೂವಾಗುತ್ತದೆ. ಆ ಪದ ಬಾಯಿಗೆ ಬಂದ ಮೇಲೆ ಮದ್ದೂ ಅದರದ್ದೇ ಬಂತು. ಕೆರೆದರು, ನೀರು ತಡೆಯುವ ಕೋಟ್ ಹಚ್ಚಿದರು, ಪುಟ್ಟಿ ತುಂಬಿದರು, ಎರಡು ಕೈ ಬಣ್ಣ ಹೊಡೆದರು. ಗೋಡೆಯನ್ನು ತೊಳೆಯಲೇ ಇಲ್ಲ. ಮಳೆಗಾಲ ಬಂದಾಗ ಅದೇ ಜಾಗ ಅಪ್ಪಳದ ಹಾಗೆ ಉಬ್ಬಿ ಕೂತಿತು.

ನಮ್ಮ ಉಪ್ಪು ಬಂದದ್ದು ಹೊರಗಿಂದ. ಕೋಟಿನ ಅಡಿಯಲ್ಲೇ ಉಳಿದಿತ್ತು. ಅಡುಗೆ ಉಪ್ಪು ಗಾಳಿಯ ತೇವ ಸುಮಾರು 75 ಪ್ರತಿಶತ ದಾಟಿದರೆ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ (ಆ ಕಹಿ ಅದರದ್ದೇ) ಅದು ಇನ್ನೂ ಬೇಗ ತೇವ ಎಳೆದುಕೊಳ್ಳುತ್ತದೆ. ನಮ್ಮ ಬಿಸಿಲುಗಾಲದಲ್ಲಿ ಪುಡಿಯಾಗಿ ಸುಮ್ನೆ ಕೂತಿರುತ್ತೆ, ಮಳೆಗಾಲದಲ್ಲಿ ಬೆವರುತ್ತೆ.

ಇದಕ್ಕೆ ಮಾಡಬೇಕಾದದ್ದು ಸರಳ. ಮೊದಲು ಒಣ ಬ್ರಶ್ಶಿನಿಂದ ಉದುರಿಸಬೇಕು. ಆಮೇಲೆ ಸಿಹಿನೀರಿನ ಅರಿವೆಯಿಂದ, ನೀರು ಬದಲಿಸುತ್ತಾ, ಮೂರು ನಾಲ್ಕು ಸಲ ಒರೆಸಬೇಕು. ಉಜ್ಜಬಾರದು, ಉಜ್ಜಿದರೆ ಹರಳೇ ಬಣ್ಣವನ್ನು ಗೀರುತ್ತದೆ. ಬಣ್ಣ ಉಬ್ಬಿದ್ದರೆ ಕೆರೆದು, ತೊಳೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಪ್ರೈಮರ್. ಡಿಸ್ಟೆಂಪರ್ ಬೇಡ, ಅರಿವೆಯ ಜೊತೆಗೇ ಬಂದುಬಿಡುತ್ತದೆ. ತೊಳೆಯಲು ಬರುವ ಎಮಲ್ಷನ್ ಆಗಲಿ. ತೊಟ್ಟಿಗೂ ಗೋಡೆಗೂ ಗೇಣಗಲ ಜಾಗ ಬಿಟ್ಟು, ನಡುವೆ ಒಂದು ಅಕ್ರಿಲಿಕ್ ಹಾಳೆ ನಿಲ್ಲಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ವೈರಿಗೆ ಬೋರ್ಡಿಗಿಂತ ಕೆಳಗೆ ಜೋಲಿ ಬಿಡಬೇಕು, ನೀರು ಅಲ್ಲೇ ತೊಟ್ಟಿಕ್ಕಲಿ. ಆದ್ದರಿಂದ ಚೀಟಿಯಲ್ಲಿ ಲೋಣಾ ಅಂತ ಬರೆದರೆ ಓದಿದವರೆಲ್ಲ ಗೋಡೆಯನ್ನು ಅಗೆಸುತ್ತಾರೆ ಅನ್ನುವುದು ನನ್ನ ಭಯ.

ಸೌಳು ಅಂತ ಬರೆಯಬಹುದಾ? ಅದೂ ಕಷ್ಟವೇ. ಕೃಷಿಯವರು ‘ಸವಳು-ಜವಳು’ ಅಂತ ಜೋಡಿಯಾಗಿ ಹೇಳುವ ಸವಳು ಇದೇ. ಹಿಂದೆ ಸವಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಈಗ ನಮ್ಮೂರಲ್ಲಿ ಸೌಳು ಅಂದರೆ ಬೋರಿನ ನೀರು ಅಷ್ಟೇ. ಅಂಗಡಿಗೆ ಬಂದ ಒಬ್ಬರು, “ಉಪ್ಪುನೀರಿನ ಮೀನಾ? ನಮ್ಮ ಬೋರಿನ ನೀರ ಸೌಳ ಅದ, ಅದಾ ನಡೀತದಲ್ರೀ” ಅಂತ ಖುಷಿಯಾಗಿದ್ದರಂತೆ. ಬೋರಿನದು ಹೆಚ್ಚಾಗಿ ಸುಣ್ಣದ ಗಡಸು. ಕೂಲರಿನ ಜಾಳಿಗೆಗೆ ಬಿಳಿ ಹೊಟ್ಟು ಕಟ್ಟುತ್ತದಲ್ಲ, ಅದು. ಅದನ್ನೂ ನಾವು ಉಪ್ಪು ಅಂತಲೇ ಕರೆಯುತ್ತೇವೆ. ಆದರೆ ಸಮುದ್ರದ ಉಪ್ಪು ನೀರಿಗೇ ಕರಗುತ್ತದೆ, ಸುಣ್ಣಕ್ಕೆ ಹುಳಿ ಬೇಕು. ಈ ಭೇದ ತಿಳಿಯದೆ ನಾನು ಗೋಡೆಗೆ ವಿನೆಗರ್ ಒರೆಸಲು ಹೋದೆ. ಗೋಡೆಗೆ ಅದರಿಂದ ಏನೂ ಹೆಚ್ಚಾಗಲಿಲ್ಲ. ಕೆಳಗೆ ಶಹಾಬಾದ್ ಫರಸಿಯ ಮೇಲೆ ಚೆಲ್ಲಿದ್ದು ಮಾತ್ರ ಹೊಳಪು ತಿಂದು ಮಸುಕು ಕಲೆ ಮಾಡಿತು. ಆ ಕಲ್ಲೂ ಸುಣ್ಣದ ಕಲ್ಲೇ, ಅಲ್ವಾ! ಮನೆಯಾಕೆ ಈಗ ಅಲ್ಲಿ ಚಾಪೆ ಹಾಸಿದ್ದಾಳೆ.

ಅವ್ವನನ್ನು ಕೇಳಿದೆ. ಉಪ್ಪಿನ ಗಡಿಗೆಯ ಹೊರಮೈಗೆ ಬಿಳಿ ಎದ್ದಾಗ ಅವಳು “ಗಡಗಿ ಉಪ್ಪ ಕಾರ್ಯಾದ” ಅನ್ನುತ್ತಾಳೆ. ಕಾರುವುದು ಒಳಗಿಂದ ಹೊರಕ್ಕೆ. ಚಂದದ ಮಾತು, ಲೋಣಾಕ್ಕೆ ಅಚ್ಚ ಕನ್ನಡದಲ್ಲಿ ‘ಗೋಡೆ ಉಪ್ಪು ಕಾರಿದೆ’ ಅನ್ನಬಹುದು. ನಮ್ಮದಕ್ಕೆ ಹೊಂದುವುದಿಲ್ಲ.

ಕೊನೆಗೆ ಬಣ್ಣದವರ ಮಾತಿನಲ್ಲೇ ಒಂದು ಸಿಕ್ಕಿತು, ಹತ್ತು. ಮೈಸೂರು ಕಡೆ ‘ತುಕ್ಕು ಹಿಡಿ’ ಅಂದರೆ ನಮ್ಮಲ್ಲಿ ‘ಜಂಗ್ ಹತ್ತು’. ಹತ್ತುವುದು ಅಂದರೆ ಅಂಟುವುದು. ಅತ್ತ ಕಡೆಯವರಿಗೆ ಹತ್ತುವುದು ಮೆಟ್ಟಿಲು ಏರುವುದು. ಈ ಉಪ್ಪು ಎರಡನ್ನೂ ಮಾಡುತ್ತದೆ, ಏರುತ್ತದೆ, ಏರಿ ಅಂಟುತ್ತದೆ. ‘ಗೋಡೆಗೆ ಉಪ್ಪು ಹತ್ತಿದೆ’ ಅಂದರೆ ಯಾವ ಕಡೆಯವರು ಹೇಗೆ ಓದಿದರೂ ಸುಳ್ಳಾಗುವುದಿಲ್ಲ. ಕ್ರಿಯಾಪದ ಕೂತಿತು. ನಾಮಪದಕ್ಕೆ ‘ಹತ್ತುಪ್ಪು’ ಅಂತ ಮಾಡಿದೆ, ಹತ್ತು ತರದ ಉಪ್ಪಾ ಅಂತ ಮನೆಯಾಕೆ ಕೇಳಿದಳು. ಬಳ್ಳಿ ಹಬ್ಬಿದ ಹಾಗೆ ‘ಹಬ್ಬುಪ್ಪು’ ಅನ್ನಿ ಅಂತ ಅವಳ ಸಲಹೆ. ಕಿವಿಗೆ ಇಂಪು, ಆದರೆ ಹಬ್ಬದ ಉಪ್ಪು ಅಂತ ಯಾರಾದರೂ ಓದಿಯಾರು.

ಕರಾವಳಿಯವರು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ಕಡಲಗಾಳಿಗೆ ಕಿಟಕಿಯ ಸರಳಿಗೆ ಕೂರುವ ಉಪ್ಪಿಗೆ ನಿಮ್ಮಲ್ಲಿ ಏನಂತೀರಿ? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಅಂಚಿಗೆ ಕಟ್ಟುವ ಉಪ್ಪಿನ ಪದರಕ್ಕೆ ಕೆಲಸದವರು ಹೇಳುವ ಪದ ಯಾರಿಗಾದರೂ ಗೊತ್ತಾ? ಜೊತೆಗೆ ಇನ್ನೊಂದು. ಬಣ್ಣ ಪದರವಾಗಿ ಏಳುವುದಕ್ಕೆ ನಮ್ಮಲ್ಲಿ ಪಪಡಿ ಅನ್ನುತ್ತೇವೆ, ನಾನು ‘ಹಕ್ಕಳೆ ಎದ್ದಿದೆ’ ಅಂತ ಬರೆದಿದ್ದೇನೆ. ಹಕ್ಕಳೆ ಅಂದರೆ ಗಾಯದ್ದು ಮಾತ್ರ ಅನ್ನುವವರಿದ್ದರೆ ಹೇಳಿ, ಪಪಡಿಯನ್ನೇ ಉಳಿಸುತ್ತೇನೆ.

ಚೀಟಿ ಬರುವ ಗುರುವಾರ ಅಚ್ಚಿಗೆ ಹೋಗುತ್ತದೆ. ಅಷ್ಟರಲ್ಲಿ ಯಾವ ಪದವೂ ಬರದಿದ್ದರೆ ತಲೆಬರಹ ‘ಗೋಡೆಗೆ ಉಪ್ಪು ಹತ್ತಿದರೆ’ ಅಂತಲೇ ಇರುತ್ತದೆ.