ಪದಚರ್ಚೆ: ಮಗುವನ್ನು ‘ವಶಕ್ಕೆ ಪಡೆಯುವುದು’ ಸರಿಯಾ?

ಎಲ್ಲರಿಗೂ ನಮಸ್ಕಾರ. ಕೋಲಾರದ ಹತ್ತಿರದ ಹಳ್ಳಿಯೊಂದರಲ್ಲಿ ಕಾನೂನು ಅರಿವು ಶಿಬಿರವಿದೆ. ಅದಕ್ಕೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಹದಿನೆಂಟು ತುಂಬದ ಹುಡುಗರು ಪೊಲೀಸ್ ಕೇಸಿನಲ್ಲಿ ಸಿಕ್ಕರೆ ಮುಂದೇನು ಅನ್ನೋದು ವಿಷಯ.

ಪೇಪರಿನವರ ಹಾಗೆ ‘ಬಾಲಕನನ್ನು ವಶಕ್ಕೆ ಪಡೆದರೆ’ ಅಂತ ಬರೆದಿದ್ದೆ. ಕರಡು ಓದಿದಾಗ ಸ್ವಸಹಾಯ ಸಂಘದ ಅಕ್ಕ ಒಬ್ಬರು ಕೇಳಿದರು: ‘ವಶ ಅಂದ್ರೆ ಮಗ ಇನ್ನು ಅವರ ಪಾಲಾದ ಅಂತಾನಾ?’ ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಅಂಥ ಸುದ್ದಿಗಳಲ್ಲಿ ಕದ್ದ ಬೈಕೂ ‘ವಶ’ವೇ ಅಲ್ವಾ!

ಕಾನೂನು ಈ ವಿಷಯದಲ್ಲಿ ನಮ್ಮ ಪೇಪರುಗಳಿಗಿಂತ ಮುಂದಿದೆ. ಮಕ್ಕಳ ವಿಚಾರಣೆಯಲ್ಲಿ ಅರೆಸ್ಟ್, ರಿಮಾಂಡ್, ಕಸ್ಟಡಿ, ಜೈಲು ಇಂಥ ಮಾತುಗಳೇ ಕೂಡದು ಅಂತ ಬಾಲ ನ್ಯಾಯದ 2007ರ ಮಾದರಿ ನಿಯಮಗಳು ಹೇಳಿದ್ದವು. 2015ರ ಬಾಲ ನ್ಯಾಯ ಕಾಯ್ದೆಯ 10ನೇ ಕಲಮಿನಲ್ಲೂ ‘ಅರೆಸ್ಟ್’ ಇಲ್ಲ, ‘ಅಪ್ರಿಹೆಂಡ್’ (ಅಂದರೆ ಹಿಡಿಯುವುದು) ಇದೆ. ಹುಡುಗ ಮಕ್ಕಳ ಪೊಲೀಸ್ ಘಟಕದ ಅಥವಾ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ‘ಚಾರ್ಜ್’ನಲ್ಲಿ (ಆರೋಪ ಅಲ್ಲ, ನೋಡಿಕೊಳ್ಳುವ ಹೊಣೆ) ಇರಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಆದರೆ ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇಡುವ ಮನೆಗೆ ಇಲ್ಲಿ ಜನ ಇನ್ನೂ ‘ರಿಮಾಂಡ್ ಹೋಮ್’ ಅಂತಲೇ ಅನ್ನುತ್ತಾರೆ. ‘ವೀಕ್ಷಣಾಲಯ’ ಬೋರ್ಡಿನ ಮೇಲಷ್ಟೇ.

ಈಗ ಆ ‘ಚಾರ್ಜ್’ಗೆ ಏನು ಬರೆಯಲಿ? ಕಸ್ಟಡಿಗೆ ಕಾನೂನು ಕನ್ನಡದಲ್ಲಿರುವ ‘ಅಭಿರಕ್ಷೆ’ಯಲ್ಲಿ ರಕ್ಷೆ ಇದೆ, ಒಳ್ಳೆಯದೇ. ಆದರೆ ಆ ಅಕ್ಕನಿಗೆ ಇನ್ನೊಂದು ಸಲ ಅರ್ಥ ಹೇಳಬೇಕಾಗುತ್ತದೆ. ನನಗೆ ‘ಸುಪರ್ದಿ’ ಹಿಡಿಸಿದೆ. ಹಿಡಿದ ಗಾಡಿಯನ್ನು ಕೋರ್ಟಿಂದ ಬಿಡಿಸಿಕೊಂಡವರಿಗೆ ಆ ಪದ ಗೊತ್ತು. ಮತ್ತೆ ಗಾಡಿಗೇ ಬಂದೆ ಅನ್ನಬೇಡಿ! ವಶ ಅಂದರೆ ನನ್ನದಾಯಿತು. ಸುಪರ್ದಿ ಅಂದರೆ ಇನ್ನೊಬ್ಬರದು, ನಾನು ಜವಾಬು ಕೊಡಬೇಕು.

‘ಅಪ್ರಿಹೆಂಡ್’ ಇನ್ನೂ ಕಷ್ಟ. ‘ಕರೆದೊಯ್ದರೆ’ ಅಂದರೆ ಸುಮ್ನೆ ಮದುವೆಗೆ ಕರೆದುಕೊಂಡು ಹೋದ ಹಾಗಿದೆ, ಹುಡುಗನಿಗೆ ಬರಲ್ಲ ಅನ್ನೋಕೆ ಆಗಲ್ಲ ಅನ್ನೋದೇ ಮರೆಯಾಗುತ್ತದೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಪೊಲೀಸರು ಮಗುವನ್ನು ಹಿಡಿದರೆ, ಮಂಡಳಿಯ ಮುಂದೆ ತರುವ ತನಕ ಅದು ಅಧಿಕಾರಿಯ ಸುಪರ್ದಿಯಲ್ಲಿರುತ್ತದೆ.’

‘ಹಿಡಿದರೆ’ ಜಾಸ್ತಿ ಒರಟಾಯಿತಾ? ತುಮಕೂರು, ಚಿಕ್ಕಬಳ್ಳಾಪುರದ ಕಡೆ ಸ್ಟೇಷನ್ನಿನಲ್ಲಿ, ಮನೆಯಲ್ಲಿ ಏನನ್ನುತ್ತಾರೆ? ಸೋಮವಾರ ಪ್ರೆಸ್ಸಿಗೆ ಕೊಡಬೇಕು.