ಗಜನಿ ಜೇಡಿಯಲ್ಲಿ ಅಬಟ್‌ಮೆಂಟ್ ಸರಿಯುತ್ತಿದೆ: ದೋಷ ಪೈಲಿನದೋ, ಮಣ್ಣಿನದೋ?

ಕುಮಟಾ_ಸೈಟ್: ಅಘನಾಶಿನಿ ಹಿನ್ನೀರಿನ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಜಾಗದಲ್ಲಿ ಸಣ್ಣ ಸೇತುವೆ. ಮೇಲಿನಿಂದ 9 ಮೀಟರ್ ಮೆತ್ತನೆ ಜೇಡಿ, ಕೆಳಗೆ ಗಟ್ಟಿ ಪದರ. ವೇನ್ ಟೆಸ್ಟಿನಲ್ಲಿ (ಜೇಡಿಯೊಳಗೆ ಅಲಗು ತಿರುಗಿಸುವ ಪರೀಕ್ಷೆ) ಶಿಯರ್ ಸ್ಟ್ರೆಂತ್, ಅಂದರೆ ಮಣ್ಣು ಜಾರದಂತೆ ತಡೆಯುವ ಬಲ, 18 ಕಿಲೋಪಾಸ್ಕಲ್, ಪ್ಲಾಸ್ಟಿಸಿಟಿ ಇಂಡೆಕ್ಸ್ (ಜಿಗುಟಿನ ಅಳತೆ) 60. ಒಂದು ದಡದಲ್ಲಿ 1 ಮೀಟರ್ ವ್ಯಾಸದ ಬೋರ್ಡ್ ಪೈಲ್ (ನೆಲ ಕೊರೆದು ಹಾಕಿದ ಕಾಂಕ್ರೀಟ್ ಕಂಬ), ಅವುಗಳ ತಲೆ ಜೋಡಿಸುವ ಕ್ಯಾಪ್, ಅದರ ಮೇಲೆ ಅಬಟ್‌ಮೆಂಟ್ (ಸೇತುವೆಯ ತುದಿ ಹೊರುವ ಗೋಡೆ) ಮುಗಿದಿವೆ. ಹಿಂದೆ ಜಂಬಿಟ್ಟಿಗೆ ಮಣ್ಣು 4 ಮೀಟರ್ ತುಂಬಿದ ಮೇಲೆ ಪೈಲ್ ಕ್ಯಾಪ್ ಹೊಳೆಯ ಕಡೆ 28 ಮಿ.ಮೀ. ಸರಿದಿದೆ, ಅಬಟ್‌ಮೆಂಟಿನ ತಲೆ 12 ಮಿ.ಮೀ. ಮಾತ್ರ. ಪೈಲ್ ಉದ್ದ ಸಾಲದೇ ಹೀಗಾಯಿತೇ?

ಮಣ್ಣು_ಲೆಕ್ಕ: ಉದ್ದದ ಪ್ರಶ್ನೆಯಲ್ಲ ಸರ್. ನೀವು ಕೊಟ್ಟ ಎರಡು ಅಂಕಿಗಳಲ್ಲೇ ಉತ್ತರ ಇದೆ. ಹಿಂದಿನ ಮಣ್ಣು ಗೋಡೆಯನ್ನು ನೂಕಿದ್ದರೆ ತಲೆ ಹೆಚ್ಚು ಸರಿಯಬೇಕಿತ್ತು. ಇಲ್ಲಿ ಬುಡ ಹೆಚ್ಚು ಸರಿದಿದೆ. ಅಂದರೆ ತುಂಬಿದ ಮಣ್ಣಿನ ಭಾರಕ್ಕೆ ಕೆಳಗಿನ ಜೇಡಿ ಹೊಳೆಯ ಕಡೆ ಹಿಂಡಿಕೊಂಡು ಹೋಗುತ್ತಿದೆ, ದಾರಿಯಲ್ಲಿರುವ ಪೈಲುಗಳನ್ನೂ ಬಾಗಿಸುತ್ತಿದೆ.

18 ಅನ್ನು ಹಾಗೇ ಡಿಸೈನಿಗೆ ಹಾಕಿದ್ದಾರೇನೋ ನೋಡಿ. ಇಷ್ಟು ಜಿಗುಟು ಜೇಡಿಯಲ್ಲಿ ವೇನ್ ನಿಜಕ್ಕಿಂತ ಹೆಚ್ಚು ಬಲ ತೋರಿಸುತ್ತದೆ. ಅದನ್ನು ತಗ್ಗಿಸುವ ಬ್ಯೆರಮ್ ತಿದ್ದುಪಡಿ ಇಂಡೆಕ್ಸ್ 60ಕ್ಕೆ ಸುಮಾರು 0.74, ಹಾಗಾಗಿ ಕೈಗೆ ಸಿಗುವುದು 13.3. ಇದನ್ನು ಮೆತ್ತನೆ ಜೇಡಿಯ ಭಾರ ಹೊರುವ ಗುಣಾಂಕ 5.14ರಿಂದ ಗುಣಿಸಿದರೆ ನೆಲ ತಡೆಯುವ ಭಾರ 68 ಕಿಲೋಪಾಸ್ಕಲ್. ನಿಮ್ಮ 4 ಮೀಟರ್ ಮಣ್ಣು, ಘನ ಮೀಟರಿಗೆ 19 ಕಿಲೋನ್ಯೂಟನ್ನಿನಂತೆ, 76 ಆಗುತ್ತದೆ. ಭಾರ ಶಿಯರ್ ಸ್ಟ್ರೆಂತಿನ ಮೂರು ಪಟ್ಟು, ಇಲ್ಲಿ 40, ದಾಟಿದಾಗಲೇ ಪೈಲ್ ಮೇಲೆ ಪಕ್ಕದ ಒತ್ತಡ ಶುರುವಾಗುತ್ತದೆ. ಎರಡು ಮೀಟರಿನ ಆಸುಪಾಸಿನಲ್ಲೇ ನಿಲ್ಲಿಸಬೇಕಿತ್ತು.

ಈಗ ಅಬಟ್‌ಮೆಂಟ್ ಹಿಂದಿನ 25-30 ಮೀಟರಿನಲ್ಲಿ ಮಣ್ಣನ್ನು 2 ಮೀಟರಿಗೆ ಇಳಿಸಿ. ಮೇಲಿನಿಂದ ಪದರ ಪದರವಾಗಿ ತೆಗೆಯಿರಿ, ಹೊಳೆಯ ಪಕ್ಕದಲ್ಲಿ ಮಾತ್ರ ಒಂದು ಬುಟ್ಟಿ ಕೆಸರನ್ನೂ ಎತ್ತಬೇಡಿ, ಪೈಲಿಗೆ ಸದ್ಯ ಆಸರೆ ಅದೇ. ಸೋನಿಕ್ ಟೆಸ್ಟಿಗೆ (ಶಬ್ದದ ಅಲೆಯಿಂದ ಕಾಂಕ್ರೀಟ್ ಪರೀಕ್ಷೆ) ಪೈಲಿನೊಳಗೆ ಇಟ್ಟ ಕೊಳವೆಗಳಿಗೆ ಗ್ರೌಟ್ (ಸಿಮೆಂಟ್ ಗಂಜಿ) ತುಂಬದೇ ಇದ್ದರೆ ಭಾಗ್ಯ: ಇನ್‌ಕ್ಲಿನೋಮೀಟರ್ (ವಾಲು ಅಳೆಯುವ ಉಪಕರಣ) ಇಳಿಸಿ ಪೈಲ್ ಎಲ್ಲಿ ಬಾಗಿದೆ ನೋಡಬಹುದು. ಆ ಬಾಗಿನಿಂದ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲದ ಪ್ರಮಾಣ) ತೆಗೆದು, ಪೈಲಿನೊಳಗಿನ ಕಬ್ಬಿಣ ತಡೆಯುತ್ತದೆಯೇ ಎಂದು ತಿಳಿದ ಮೇಲೆಯೇ ಗರ್ಡರ್ (ಸೇತುವೆಯ ತೊಲೆ) ಕೂರಿಸುವ ಮಾತು. ರೀಡಿಂಗ್ ದಿನಾ ಒಂದೇ ಭರತದ ಮಟ್ಟದಲ್ಲಿ, ಬಿಸಿಲೇರುವ ಮೊದಲು ತೆಗೆಯಿರಿ.

ಕುಮಟಾ_ಸೈಟ್: ಇಳಿಸಿದ ಜಾಗಕ್ಕೆ ಇಪಿಎಸ್ (ಥರ್ಮೋಕೋಲ್) ಬ್ಲಾಕ್ ತುಂಬಿದರೆ?

ಕರಾವಳಿ_ಪೈಲ್: ಹಗುರ ನಿಜ, ಘನ ಮೀಟರಿಗೆ 20 ಕಿಲೋ ಆಸುಪಾಸು. ಆದರೆ ಮಳೆಗಾಲದಲ್ಲಿ ನೆರೆ ಏರಿದರೆ ತೇಲುತ್ತದೆ. ಗರಿಷ್ಠ ನೆರೆ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ತೇಲುಬಲಕ್ಕೆ ಸಾಕಷ್ಟು ಭಾರ ಮೇಲೆ ಕೊಡಿ. ನನ್ನ ಮತ ಕೇಳಿದರೆ, ದಡದ ಕಡೆಗೆ ಒಂದು ಸ್ಪಾನ್ (ಎರಡು ಆಧಾರಗಳ ನಡುವಿನ ಸೇತುವೆ ಭಾಗ) ಹೆಚ್ಚಿಸಿ ರಸ್ತೆಯ ಎತ್ತರ ತಗ್ಗಿದಲ್ಲಿ ಅಬಟ್‌ಮೆಂಟ್ ಇಡುವುದು ಒಳ್ಳೆಯದು. ಖರ್ಚು ಹೆಚ್ಚು, ತಲೆನೋವು ಕಡಿಮೆ.

ಮಣ್ಣು_ಲೆಕ್ಕ: ಆಚೆ ದಡದಲ್ಲಿ ಪೈಲ್ ಇನ್ನೂ ಹಾಕಿಲ್ಲ ತಾನೇ? ಅಲ್ಲಿ ಮೊದಲು ಮಣ್ಣು, ಆಮೇಲೆ ಪೈಲ್. ಅರ್ಧ ಮೀಟರ್ ಮರಳು ಹಾಸಿ, ಜೇಡಿಯ ಪೂರ್ತಿ ಆಳಕ್ಕೆ ಬ್ಯಾಂಡ್ ಡ್ರೈನ್ (ಜೇಡಿಯ ನೀರು ಹೊರಬಿಡುವ ಪಟ್ಟಿ), ತ್ರಿಕೋನ ಜಾಲದಲ್ಲಿ 1 ಮೀಟರ್ ಅಂತರ. ನೀರು ಹೊರಹೋಗಿ ಜೇಡಿ ಕುಗ್ಗುವುದೇ ಕನ್ಸಾಲಿಡೇಶನ್; ಅದರ ಅಡ್ಡ ಗುಣಾಂಕ ವರ್ಷಕ್ಕೆ 1.5 ಚದರ ಮೀಟರ್ ಎಂದಿಟ್ಟುಕೊಂಡರೆ 90 ಪ್ರತಿಶತ ಕುಗ್ಗಲು ಲೆಕ್ಕದಲ್ಲಿ 5 ತಿಂಗಳು. ಡ್ರೈನ್ ಚುಚ್ಚುವಾಗ ಜೇಡಿ ಕದಡುವುದರಿಂದ ಇನ್ನೂ ಹಿಡಿಯುತ್ತದೆ. ಹಂತ ಹಂತವಾಗಿ ತುಂಬಿ. ತುಂಬಿದ ಮಣ್ಣಿನ ಬುಡದ ಅಡ್ಡ ಚಲನೆ ದಿನಕ್ಕೆ 5 ಮಿ.ಮೀ. ದಾಟಿದರೆ ಲಾರಿ ನಿಲ್ಲಿಸಿ.

ಕುಮಟಾ_ಸೈಟ್: ಅಷ್ಟು ಕಾಯಲು ಆಗುವುದಿಲ್ಲ, ಪೈಲ್ ಮೊದಲೇ ಹಾಕಿ ಎಂಬ ಒತ್ತಡ ಇದೆ.

ಮಣ್ಣು_ಲೆಕ್ಕ: ಹಾಗಿದ್ದರೆ ಈ ಲೆಕ್ಕ ಅವರ ಮುಂದಿಡಿ. ಜೇಡಿ ಕುಗ್ಗುತ್ತಾ ಪೈಲನ್ನು ಕೆಳಗೆ ಎಳೆಯುತ್ತದೆ. ಪೈಲಿನ 9 ಮೀಟರ್ ಮೈಗೆ ಇಂದಿನ 13.3ರಿಂದ ಲೆಕ್ಕ ಹಾಕಿದರೆ ಆ ಎಳೆತ ಪೈಲಿಗೆ 376 ಕಿಲೋನ್ಯೂಟನ್. ಆದರೆ ಕುಗ್ಗಿದ ಜೇಡಿ ಗಟ್ಟಿಯಾಗುತ್ತದೆ: ಮೇಲಿನ ಮಣ್ಣಿನ ಭಾರ 76ರ 0.22 ಪಾಲು ಸೇರಿ ಬಲ 30 ಆಗುತ್ತದೆ, ಎಳೆತ 850ರ ಹತ್ತಿರ ಹೋಗುತ್ತದೆ. ಪೈಲಿಗೆ 85 ಟನ್ ಬಿಟ್ಟಿ ಭಾರ. ಅದೂ ಅಲ್ಲದೆ ಪೈಲ್ ಹೊಸದಾಗಿದ್ದಾಗ ಮಾಡಿದ ಲೋಡ್ ಟೆಸ್ಟಿನಲ್ಲಿ ಇದೇ ಜೇಡಿ ಪೈಲನ್ನು ಹೊತ್ತಂತೆ ಕಾಣಿಸುತ್ತದೆ. ಆ 9 ಮೀಟರಿನ ಘರ್ಷಣೆಯನ್ನು ಟೆಸ್ಟ್ ಫಲಿತಾಂಶದಿಂದ ಕಳೆದೇ ಸುರಕ್ಷಿತ ಭಾರ ಬರೆಯಿರಿ.